ಇಳಕಲ್ ಕೆಂಪು, ಪರದೆಯ ಕೆಂಪು

ಇಳಕಲ್ ಸೀರೆಗಳ ಮತ್ತು ಗುಳೇದಗುಡ್ಡದ ಖಣಗಳ ಚಿತ್ರ ತೆಗೆದುಕೊಡುವ ನನ್ನಂಥವರು ಮೇಲಿಂದ ಮೇಲೆ ಕೇಳುವ ಮಾತು, ‘ಫೋಟೋದಾಗಿನ ಬಣ್ಣ ಸೀರ್ಯಾಗ ಇಲ್ರೀ’ ಎಂಬುದು. ಎಲ್ಲರೂ ಮೊದಲು ಕ್ಯಾಮೆರಾವನ್ನೇ ದೂರುತ್ತಾರೆ. ನಾನು ಕಂಡಂತೆ ದೋಷ ಹೆಚ್ಚಾಗಿ ಇರುವುದು ಚಿತ್ರ ತಿದ್ದುವ ಕಂಪ್ಯೂಟರಿನ ಪರದೆಯಲ್ಲಿ. ಅನೇಕ ಮಾನಿಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ ಅತಿಯಾದ ಬೆಳಕಿನೊಂದಿಗೆ, ಬಿಳುಪು ತುಸು ನೀಲಿಯ ಕಡೆಗೆ ವಾಲುವಂತೆ ಹೊಂದಿಸಲ್ಪಟ್ಟಿರುತ್ತವೆ. ಅಂಥ ಪರದೆಯ ಮೇಲೆ ದಾಳಿಂಬೆ ಕೆಂಪು ಸರಿಯಾಗಿ ಕಾಣುವವರೆಗೆ ಹಳದಿಯನ್ನೂ ಕೆಂಪನ್ನೂ ಏರಿಸುತ್ತ ಹೋದರೆ, ಅದೇ ಫೈಲು ಬೇರೆ ಕಡೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಪರದೆಯನ್ನು ಸರಿಪಡಿಸುವ ಕೆಲಸ ಕೋಣೆಯಿಂದಲೇ ಆರಂಭವಾಗಬೇಕು. ಬಾಗಲಕೋಟೆಯ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರವಾಗಿ ಪರದೆಯ ಮೇಲೆ ಬೀಳುತ್ತಿದ್ದರೆ, ಅಥವಾ ಎದುರಿನ ಗೋಡೆಗೆ ಗಾಢ ಹಸಿರು ಬಳಿದಿದ್ದರೆ, ಎಷ್ಟು ದುಬಾರಿ ಉಪಕರಣ ತಂದರೂ ಪ್ರಯೋಜನವಿಲ್ಲ. ಪರದೆ ಮಂದವಾಗಿಸುವ ಕೋಣೆ ಬೆಳಕಿನ ಸೆನ್ಸರ್ ಮತ್ತು ರಾತ್ರಿಯ ಹೊತ್ತು ಹಳದಿಯಾಗಿಸುವ ‘ನೈಟ್ ಲೈಟ್’ ಎರಡನ್ನೂ ನಿಲ್ಲಿಸಿ, ಮಾನಿಟರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಮುಂದುವರಿಯಬೇಕು. ಬಣ್ಣಕ್ಕಿಂತ ಮುಂಚೆ ಬೆಳಕನ್ನು ನೋಡಿರಿ ಎಂಬುದು ನನ್ನ ಹಟ. ಮುದ್ರಣಕ್ಕಾಗಿ ಕೆಲಸ ಮಾಡುವವರಿಗೆ ಪರದೆಯ ಬೆಳಕು ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕನ್ನು ಅಳೆಯುವ ಮಾನ) ಇದ್ದರೆ ಸಾಕು. ಹೊಸ ಮಾನಿಟರ್‌ಗಳು ಪೂರ್ತಿ ಬೆಳಕಿನಲ್ಲಿ 250ನ್ನು ಸುಲಭವಾಗಿ ಮುಟ್ಟುತ್ತವೆ; ಹಾಗಾಗಿ ಪರದೆಯ ಮೇಲೆ ಬೆಳಗಿ ಕಂಡ ಚಿತ್ರ ಕಾಗದದ ಮೇಲೆ ಕಪ್ಪಾಗುತ್ತದೆ. ಆಲ್ಬಮ್ ಕಪ್ಪಗೆ ಬಂತೆಂದು ಲ್ಯಾಬಿನವರೊಡನೆ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಇಲ್ಲಿಯೇ ಬಗೆಹರಿಯುತ್ತವೆ.

ಇನ್ನು ಉಪಕರಣದ ಮಾತು. ಪರದೆಗೆ ಆತುಕೊಂಡು ಕೂರುವ ಕಲರಿಮೀಟರ್, ತಂತ್ರಾಂಶವು ಒಂದಾದ ಮೇಲೊಂದು ತೋರಿಸುವ ಬಣ್ಣದ ಚೌಕಗಳನ್ನು ಅಳೆದು, ಕೇಳಿದ ಬಣ್ಣಕ್ಕೂ ಪರದೆ ಕೊಟ್ಟ ಬಣ್ಣಕ್ಕೂ ಇರುವ ಅಂತರವನ್ನು ದಾಖಲಿಸುತ್ತದೆ. ಗುರಿಯಾಗಿ ಬಿಳುಪಿಗೆ ಡಿ65, ಅಂದರೆ ಸುಮಾರು 6500 ಕೆಲ್ವಿನ್, ಮತ್ತು ಕಪ್ಪಿನಿಂದ ಬಿಳುಪಿನವರೆಗೆ ಛಾಯೆಗಳು ಏರುವ ಬಗೆಯನ್ನು ಹೇಳುವ ಗ್ಯಾಮಾ 2.2 ಎಂದು ಕೊಟ್ಟರೆ ಸಾಮಾನ್ಯ ಕೆಲಸಕ್ಕೆ ಸರಿಹೋಗುತ್ತದೆ. ಮೊದಲು ಮಾನಿಟರಿನ ಸ್ವಂತ ಮೆನುವಿನಲ್ಲಿರುವ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಏರಿಳಿಸಿ ಬಿಳುಪನ್ನು ಗುರಿಯ ಹತ್ತಿರಕ್ಕೆ ತರಬೇಕು. ಉಳಿದದ್ದನ್ನು ತಂತ್ರಾಂಶ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಆ ಮೆನು ಇರುವುದಿಲ್ಲವಾದ್ದರಿಂದ ತಿದ್ದುಪಡಿಯ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಿದ್ದು, ನಯವಾಗಿ ಇಳಿಯಬೇಕಾದ ಬೂದು ಛಾಯೆಯಲ್ಲಿ ಪಟ್ಟೆಗಳು ಮೂಡುವುದುಂಟು. ಕೊನೆಗೆ ಸಿದ್ಧವಾಗುವ ಐಸಿಸಿ ಪ್ರೊಫೈಲ್ ಎಂಬ ಫೈಲು ಬಣ್ಣವನ್ನು ತಾನಾಗಿ ತಿದ್ದುವುದಿಲ್ಲ. ಈ ಪರದೆ ಹೀಗೆ ವರ್ತಿಸುತ್ತದೆ ಎಂದು ಫೋಟೋಶಾಪ್‌ನಂಥ ತಂತ್ರಾಂಶಗಳಿಗೆ ವಿವರಿಸುತ್ತದೆ, ಅಷ್ಟೆ. ಈ ಅಳತೆಯ ತಂತ್ರಾಂಶಗಳಾದ ಆರ್ಗಿಲ್‌ಸಿಎಂಎಸ್ ಮತ್ತು ಅದನ್ನು ಆಧರಿಸಿದ ಡಿಸ್‌ಪ್ಲೇಕ್ಯಾಲ್ ಎರಡೂ ಉಚಿತವಾದ್ದರಿಂದ ಖರ್ಚೇನಿದ್ದರೂ ಉಪಕರಣಕ್ಕೆ ಮಾತ್ರ. ಕಣ್ಣಂದಾಜಿನಲ್ಲೇ ಹೊಂದಿಸಬಹುದಲ್ಲ ಎನ್ನುವವರಿದ್ದಾರೆ. ಆದರೆ ನೀಲಿ ಬಿಳುಪನ್ನೂ ಹಳದಿ ಬಿಳುಪನ್ನೂ ಸ್ವಲ್ಪ ಹೊತ್ತಿನಲ್ಲೇ ‘ಬಿಳಿ’ ಎಂದು ಒಪ್ಪಿಬಿಡುವುದೇ ಕಣ್ಣಿನ ಸ್ವಭಾವ.

ಇಷ್ಟಾದರೂ ಇಳಕಲ್ ಕೆಂಪು ಪೂರ್ತಿ ಕೈಗೆ ಸಿಗುವುದಿಲ್ಲ. 1996ರಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ಎಂಬ ಪ್ರಮಾಣಿತ ಬಣ್ಣಗಳ ವ್ಯಾಪ್ತಿಯನ್ನೇ ಅಗ್ಗದ ಲ್ಯಾಪ್‌ಟಾಪ್ ಪರದೆಗಳು ಪೂರ್ತಿ ತೋರಿಸಲಾರವು, ಮತ್ತು ಕ್ಯಾಲಿಬ್ರೇಶನ್‌ನಿಂದ, ಅಂದರೆ ಹೀಗೆ ಅಳೆದು ಹೊಂದಿಸುವುದರಿಂದ, ಆ ವ್ಯಾಪ್ತಿ ಹಿಗ್ಗುವುದಿಲ್ಲ. ಇಳಕಲ್ ಸೀರೆಯ ‘ಟೋಪ ತೆನಿ’ ಎಂಬ ಸೆರಗಿನ ರೇಷ್ಮೆಯ ಕೆಂಪು ಭಾಗವನ್ನು ದೊಡ್ಡದು ಮಾಡಿ ನೋಡಿದರೆ, ಕೆಂಪು ಚಾನೆಲ್ ತನ್ನ ಗರಿಷ್ಠ ಅಂಕಿಯಾದ 255ಕ್ಕೆ ಬಡಿದು, ನೂಲಿನ ಎಳೆಗಳು ಅಳಿಸಿಹೋಗಿ ಬರೀ ಸಪಾಟು ಕೆಂಪು ಉಳಿದಿರುವುದು ಕಾಣುತ್ತದೆ. ಅಲ್ಲಿ ಕೆಂಪಿನ ಸಾಂದ್ರತೆಯನ್ನು ತುಸು ಇಳಿಸಿ ನೇಯ್ಗೆಯನ್ನು ಉಳಿಸಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಕೊಳ್ಳುವವರು ಬಣ್ಣದಷ್ಟೇ ನೇಯ್ಗೆಯನ್ನೂ ನೋಡುತ್ತಾರೆ. ಬಣ್ಣ ಹಾಕಿದ ನೂಲು ಟ್ಯೂಬ್‌ಲೈಟಿನಲ್ಲಿ ಒಂದು ರೀತಿ, ಬಿಸಿಲಿನಲ್ಲಿ ಇನ್ನೊಂದು ರೀತಿ ಕಾಣುವುದರಿಂದ, ಸೀರೆಯನ್ನು ಪರದೆಯೊಡನೆ ಹೋಲಿಸುವಾಗ ಅದನ್ನು ಹಗಲಿನ ಬೆಳಕಿಗೆ ಸಮೀಪದ ಒಳ್ಳೆಯ ದೀಪದಡಿ ಹಾಸಬೇಕು. ಗಿರಾಕಿಯ ಮೊಬೈಲ್ ಹೇಗೆ ತೋರಿಸುತ್ತದೆಂಬುದು ನಮ್ಮ ಕೈಯಲ್ಲಿಲ್ಲ.

ಮಾನಿಟರಿನ ದೀಪ ದಿನ ಕಳೆದಂತೆ ಮಂಕಾಗುವುದರಿಂದ ತಿಂಗಳಿಗೊಮ್ಮೆ ಅಳತೆ ಮಾಡಿದರೆ ಒಳ್ಳೆಯದು. ತಿಂಗಳಿಗೊಮ್ಮೆ ಮಾತ್ರ ಬೇಕಾಗುವ ಈ ಉಪಕರಣವನ್ನು ನಾಲ್ಕಾರು ಸ್ಟುಡಿಯೊದವರು ಸೇರಿ ಕೊಂಡರೂ ನಡೆಯುತ್ತದೆ; ಆದರೆ ಒಂದೇ ಕಂಪನಿಯ, ಒಂದೇ ಮಾದರಿಯ ಮಾನಿಟರ್ ಆಗಿದ್ದರೂ ಒಬ್ಬರ ಪ್ರೊಫೈಲನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳದೆ, ಪ್ರತಿ ಪರದೆಯನ್ನೂ ಬೇರೆಯಾಗಿಯೇ ಅಳೆಯಬೇಕು.