ಜನವರಿಯ ಚಳಿಗೆ ಆಗಸ್ಟ್‌ನಲ್ಲೇ ತಯಾರಿ

ಕೆನಡಾದ ನಯಾಗರಾದಲ್ಲಿ, ವೈನ್ ಮಾಡುವವರ ದ್ರಾಕ್ಷಿ ತೋಟದಲ್ಲಿ ನನ್ನ ಕೆಲಸ. ಊರು ವಿಜಯಪುರದ ಕಡೆ. ಹಾಗಾಗಿ ಬಂದಾಗ ದ್ರಾಕ್ಷಿ ಹೊಸದಾಗಿರಲಿಲ್ಲ, ಚಳಿ ಹೊಸದಾಗಿತ್ತು. ಊರಲ್ಲಿ ಬಳ್ಳಿಗೆ ಸರಿಯಾದ ನಿದ್ದೆ ಅನ್ನುವುದೇ ಇಲ್ಲ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಅಕ್ಟೋಬರ್‌ನಲ್ಲಿ ಇನ್ನೊಂದು. ಅಕ್ಟೋಬರ್ ಚಾಟ್ನಿ ಆದಮೇಲೆ ಕಣ್ಣುಗಳೆಲ್ಲ, ಅಂದರೆ ಕಡ್ಡಿಯ ಮೇಲೆ ಚಿಗುರು ಹೊರಡುವ ಜಾಗಗಳೆಲ್ಲ, ಒಟ್ಟಿಗೆ ಒಡೆಯಲಿ ಅಂತ ಡಾರ್ಮೆಕ್ಸ್ ಅನ್ನುವ ರಾಸಾಯನಿಕ ಹಚ್ಚುತ್ತೇವೆ. "ಅಲ್ಲಿ ಅದನ್ನ ಹಚ್ಚಂಗಿಲ್ಲೇನೋ?" ಅಂತ ಕಾಕಾ ಫೋನಿನಲ್ಲಿ ಕೇಳಿದ್ದರು. ಇಲ್ಲಿ ಆ ಕೆಲಸ ಚಳಿಯೇ ಮಾಡುತ್ತದೆ. ಎಲೆ ಉದುರಿಸಿ ಮಲಗಿದ ಬಳ್ಳಿ ಏಪ್ರಿಲ್ ಕೊನೆಗೆ ತಾನಾಗಿ ಕಣ್ಣು ಬಿಡುತ್ತದೆ. ಅಲ್ಲಿಯವರೆಗೆ ಎಷ್ಟು ಕಣ್ಣು ಬದುಕಿರುತ್ತವೆ ಅನ್ನುವುದೇ ನಮ್ಮ ಚಿಂತೆ.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇದು: ಬಳ್ಳಿ ಚಳಿ ತಡೆಯುತ್ತದೋ ಇಲ್ಲವೋ ಅನ್ನುವುದು ಹಿಂದಿನ ಬೇಸಿಗೆಯಲ್ಲಿ ಅದನ್ನು ಹೇಗೆ ಬೆಳೆಸಿದೆವು ಅನ್ನುವುದರಲ್ಲಿ ಅರ್ಧ ತೀರ್ಮಾನವಾಗಿ ಹೋಗಿರುತ್ತದೆ.

ಮೊದಲು ಜಾಗದ ವಿಷಯ. ನಯಾಗರಾ ತೋಟಗಳು ಒಂಟಾರಿಯೊ ಸರೋವರ ಮತ್ತು ಎಸ್ಕಾರ್ಪ್‌ಮೆಂಟ್ ಅನ್ನುವ ಉದ್ದನೆಯ ಬಂಡೆಯ ಏರಿನ ನಡುವೆ ಇವೆ. ಸರೋವರ ತುಂಬಾ ಆಳ, ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಚಳಿಗಾಲದಲ್ಲಿ ಅದರ ಬಿಸುಪು ದಂಡೆಯ ತೋಟಗಳನ್ನು ಕಾಯುತ್ತದೆ. ವಸಂತದಲ್ಲಿ ಅದೇ ನೀರು ತಣ್ಣಗಿದ್ದು ಬಳ್ಳಿ ಬೇಗ ಚಿಗುರದ ಹಾಗೆ ತಡೆಯುತ್ತದೆ, ಹಾಗಾಗಿ ಮೇ ತಿಂಗಳ ಹಿಮದಿಂದ ಚಿಗುರು ಬಚಾವಾಗುತ್ತದೆ. ಇಷ್ಟಿದ್ದರೂ ಕೆಲವು ರಾತ್ರಿ ಚಳಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ರೀಸ್ಲಿಂಗ್, ಕ್ಯಾಬರ್ನೆ ಫ್ರಾಂಕ್ ತಳಿಗಳು ಅದನ್ನು ಹೇಗೋ ತಡೆದುಕೊಳ್ಳುತ್ತವೆ. ಮೆರ್ಲೊ, ಸೊವಿನ್ಯೊನ್ ಬ್ಲಾಂಕ್ ಅದಕ್ಕೂ ಮೊದಲೇ ಸೋಲುತ್ತವೆ.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಹೊರಗಿನಿಂದ ಒಂದೇ ಕಣ್ಣು ಕಂಡರೂ ಒಳಗೆ ಮೂರು ಮೊಗ್ಗು ಇರುತ್ತವೆ. ನಡುವಿನದು ಮುಖ್ಯ, ಬೆಳೆಯೆಲ್ಲ ಅದರಿಂದಲೇ. ಪಕ್ಕದ ಎರಡು ಮೀಸಲು. ಚಳಿಗೆ ಮೊದಲು ಸಾಯುವುದು ನಡುವಿನದೇ. ಆಗ ಎರಡನೆಯದು ಚಿಗುರುತ್ತದೆ, ತೋಟ ಹಸಿರಾಗಿಯೂ ಕಾಣುತ್ತದೆ. ಆದರೆ ಯುರೋಪಿನ ತಳಿಗಳಲ್ಲಿ ಅದರಿಂದ ಗೊಂಚಲು ಬರುವುದು ಕಡಿಮೆ. ಜೂನ್‌ನಲ್ಲಿ ತೋಟ ನೋಡಿ "ಅಬ್ಬಾ, ಉಳೀತು" ಅಂತ ಖುಷಿಪಡುವವರು ಗೊಂಚಲು ಎಣಿಸಿ ನೋಡಿರುವುದಿಲ್ಲ.

ಅದಕ್ಕೇ ಇಲ್ಲಿ ಕತ್ತರಿ ಹಿಡಿಯುವ ಮೊದಲು ಬ್ಲೇಡ್ ಹಿಡಿಯುತ್ತೇವೆ. ದೊಡ್ಡ ಚಳಿ ಹೋದಮೇಲೆ ಕಡ್ಡಿಗಳನ್ನು ಕತ್ತರಿಸಿ ತಂದು ಒಂದೆರಡು ದಿನ ಬೆಚ್ಚಗಿನ ಕೋಣೆಯಲ್ಲಿ ಇಡಬೇಕು. ಸತ್ತ ಮೊಗ್ಗು ಕಂದು ಬಣ್ಣಕ್ಕೆ ತಿರುಗಲು ಅಷ್ಟು ಹೊತ್ತು ಬೇಕು. ಅದೇ ದಿನ ಸೀಳಿದರೆ ಎಲ್ಲ ಹಸಿರಾಗಿಯೇ ಕಾಣುತ್ತದೆ. ಆಮೇಲೆ ರೇಜರ್ ಬ್ಲೇಡ್‌ನಿಂದ ಕಣ್ಣಿನ ತುದಿಯನ್ನು ಅಡ್ಡಕ್ಕೆ, ತೆಳುವಾಗಿ ತೆಗೆಯುತ್ತಾ ಹೋಗಬೇಕು. ಹಸಿರು ಕಂಡರೆ ಜೀವ ಇದೆ, ಕಂದು ಅಥವಾ ಕಪ್ಪು ಕಂಡರೆ ಇಲ್ಲ. ಒಂದೊಂದು ತಳಿಗೆ ನೂರು ಕಣ್ಣು ನೋಡಿದರೆ ಲೆಕ್ಕವೂ ಸುಲಭ. ತಗ್ಗಿನ ಸಾಲು ಬೇರೆ, ಏರಿನ ಸಾಲು ಬೇರೆ ಮಾಡಿ ನೋಡಬೇಕು. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಒಂದೇ ತೋಟದಲ್ಲಿ ನೂರಕ್ಕೆ ಮೇಲೆ 10 ಸತ್ತಿದ್ದರೆ ಕೆಳಗೆ 60 ಸತ್ತಿರಬಹುದು.

ಲೆಕ್ಕ ಸಿಕ್ಕಿದ ಮೇಲೆ ಚಾಟ್ನಿ ಬದಲಾಗುತ್ತದೆ. ಒಂದು ಬಳ್ಳಿಗೆ 40 ಕಣ್ಣು ಬೇಕು ಅಂತಿಟ್ಟುಕೊಳ್ಳಿ. ನೂರರಲ್ಲಿ 30 ಸತ್ತಿದ್ದರೆ 57 ಕಣ್ಣು ಬಿಡಬೇಕು, ಆಗ 40 ಬದುಕಿದವು ಸಿಗುತ್ತವೆ. ಅರ್ಧಕ್ಕಿಂತ ಜಾಸ್ತಿ ಸತ್ತಿದ್ದರೆ ಕತ್ತರಿಯನ್ನೇ ಬದಿಗಿಟ್ಟು, ಚಿಗುರು ಕಾಣುವವರೆಗೆ ಕಾಯುವುದು ಒಳ್ಳೆಯದು. ಕತ್ತರಿಸಿದ ಕಡ್ಡಿಯನ್ನು ಯಾರೂ ವಾಪಸ್ ಅಂಟಿಸಲಾಗುವುದಿಲ್ಲ ಅಲ್ವಾ? ಇದು ಬಹಳ ಬೇಜಾರಿನ ಕೆಲಸ. ಬೆರಳು ಮರಗಟ್ಟುತ್ತದೆ, ಕಣ್ಣು ನೋಯುತ್ತದೆ. ಆದರೆ ವರ್ಷದ ಬೆಳೆ ಇಲ್ಲಿ ನಿಂತಿದೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ.

ಇಲ್ಲಿನ ಬ್ರಾಕ್ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಬೇರೆ ಬೇರೆ ತೋಟಗಳಿಂದ ಕಣ್ಣು ತಂದು ಯಂತ್ರದೊಳಗೆ ನಿಧಾನವಾಗಿ ತಣ್ಣಗೆ ಮಾಡುತ್ತಾರೆ. ಮೊಗ್ಗಿನ ಒಳಗಿನ ನೀರು ಹೆಪ್ಪುಗಟ್ಟುವ ಕ್ಷಣದಲ್ಲಿ ಚೂರು ಶಾಖ ಹೊರಬರುತ್ತದೆ, ಸೆನ್ಸರ್ ಅದನ್ನು ಹಿಡಿಯುತ್ತದೆ. ಅರ್ಧ ಮೊಗ್ಗು ಎಷ್ಟು ಚಳಿಗೆ ಸಾಯುತ್ತವೆ ಅನ್ನುವ ಅಂಕಿ ಅದರಿಂದ ಸಿಗುತ್ತದೆ. ಈ ಮಾಹಿತಿಯನ್ನು ವೈನ್‌ಅಲರ್ಟ್ (VineAlert, ಇಲ್ಲಿ ವೈನ್ ಅಂದರೆ ಬಳ್ಳಿ) ಅನ್ನುವ ಹೆಸರಲ್ಲಿ ಬೆಳೆಗಾರರಿಗೆ ಕೊಡುತ್ತಾರೆ. ಆ ಅಂಕಿ ಚಳಿಗಾಲದ ಉದ್ದಕ್ಕೂ ಬದಲಾಗುತ್ತದೆ ಅನ್ನುವುದೇ ಗಮನಿಸಬೇಕಾದ್ದು. ಜನವರಿಯಲ್ಲಿ ಮೈನಸ್ 22 ತಡೆಯುವ ಕಣ್ಣು, ಏಪ್ರಿಲ್‌ನಲ್ಲಿ ಉಬ್ಬಿ ನಿಂತಾಗ ಮೈನಸ್ 5ರ ಆಸುಪಾಸಿನಲ್ಲೇ ಸಾಯಬಹುದು. ಎಲೆ ಬಿಚ್ಚಿದ ಚಿಗುರಿಗೆ ಮೈನಸ್ 2 ಸಾಕು. ಬ್ರಿಟಿಷ್ ಕೊಲಂಬಿಯಾದ ಓಕನಾಗನ್ ಕಣಿವೆಯಲ್ಲಿ 2023ರ ಡಿಸೆಂಬರ್ ಬೆಚ್ಚಗಿತ್ತು. 2024ರ ಜನವರಿಯಲ್ಲಿ ಇದ್ದಕ್ಕಿದ್ದ ಹಾಗೆ ಮೈನಸ್ 25ಕ್ಕಿಂತ ಕೆಳಗೆ ಹೋಯಿತು. ಆ ವರ್ಷ ಅಲ್ಲಿ ಬೆಳೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ನಮ್ಮ ಕಡೆ 2014, 2015 ಮತ್ತು 2022ರ ಚಳಿಗಾಲಗಳನ್ನು ಹಳಬರು ಇನ್ನೂ ನೆನೆಯುತ್ತಾರೆ.

ಆಗಸ್ಟ್‌ಗೂ ಇದಕ್ಕೂ ಏನು ಸಂಬಂಧ? ಆಗಸ್ಟ್‌ನಲ್ಲಿ ಕಾಯಿಗೆ ಬಣ್ಣ ತಿರುಗುತ್ತದೆ. ಅದೇ ಹೊತ್ತಿಗೆ ಹಸಿರು ಕಡ್ಡಿ ಬುಡದಿಂದ ಕಂದು ಬಣ್ಣಕ್ಕೆ ತಿರುಗಿ ಬಲಿಯಲು ಶುರುವಾಗುತ್ತದೆ. ಬಲಿತ ಕಡ್ಡಿಯಲ್ಲಿ ನೀರು ಕಡಿಮೆ, ಸಕ್ಕರೆ ಪಿಷ್ಟ ಜಾಸ್ತಿ. ಚಳಿ ತಡೆಯುವ ಶಕ್ತಿ ಅಲ್ಲಿಂದಲೇ ಬರುತ್ತದೆ. ಬಳ್ಳಿ ಮೇಲೆ ಗೊಂಚಲು ಅತಿಯಾದರೆ ಎಲೆ ಮಾಡಿದ ಸಕ್ಕರೆಯೆಲ್ಲ ಹಣ್ಣಿಗೆ ಹೋಗುತ್ತದೆ, ಕಡ್ಡಿಗೆ ಏನೂ ಉಳಿಯುವುದಿಲ್ಲ. ಹಣ್ಣೂ ಸರಿಯಾಗಿ ಮಾಗುವುದಿಲ್ಲ. ಇಲ್ಲಿ ಬೆಳೆಯ ದಿನಗಳೇ ಕಮ್ಮಿ. ಅಕ್ಟೋಬರ್ ಕೊನೆಗೆ ಹಿಮ ಬಿದ್ದು ಎಲೆ ಸುಟ್ಟರೆ ಕಥೆ ಮುಗಿಯಿತು. ಅದಕ್ಕೆ ಒಳ್ಳೊಳ್ಳೆ ಗೊಂಚಲುಗಳನ್ನೇ ಕತ್ತರಿಸಿ ನೆಲಕ್ಕೆ ಹಾಕುತ್ತೇವೆ. ನೋಡಿದವರಿಗೆ ಹೊಟ್ಟೆ ಉರಿಯುತ್ತದೆ. ಊರಲ್ಲಿ ಏಪ್ರಿಲ್ ಚಾಟ್ನಿ ಆದಮೇಲೆ ಕಡ್ಡಿ ಬಲಿಯಲಿ ಅಂತ ಅಪ್ಪ ನೀರು ಕಡಿಮೆ ಮಾಡುತ್ತಿದ್ದರು, ಸಾರಜನಕ ನಿಲ್ಲಿಸುತ್ತಿದ್ದರು. ಅದೇ ತಿಳಿವಳಿಕೆ ಇಲ್ಲೂ ಕೆಲಸಕ್ಕೆ ಬಂತು. ಜುಲೈ ಆದಮೇಲೆ ಸಾರಜನಕ ಕೊಟ್ಟರೆ ಬಳ್ಳಿ ಬೆಳೆಯುತ್ತಲೇ ಇರುತ್ತದೆ, ಮಲಗುವ ಯೋಚನೆಯೇ ಮಾಡುವುದಿಲ್ಲ.

ವೈನ್ ಮನೆಯವರಿಗೂ ಇದೇ ಬೇಕು. ತಂಪು ಪ್ರದೇಶದ ದ್ರಾಕ್ಷಿಯಲ್ಲಿ ಹುಳಿ ಜಾಸ್ತಿ, ಸಕ್ಕರೆ ನಿಧಾನ. ರೀಸ್ಲಿಂಗ್‌ಗೆ, ನೊರೆ ಬರುವ ವೈನಿಗೆ ಆ ಹುಳಿಯೇ ಜೀವಾಳ. ಆದರೆ ಮಾಗದ ಕೆಂಪು ದ್ರಾಕ್ಷಿ ಬಂದರೆ ವೈನ್‌ನಲ್ಲಿ ಹಸಿ ಸೊಪ್ಪಿನ ವಾಸನೆ ಉಳಿಯುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಕಷ್ಟ. ಹುಳಿಯನ್ನಾದರೆ ಸ್ವಲ್ಪ ಇಳಿಸಬಹುದು. ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್‌ಗೆ ತಿರುಗಿಸುವ ಬ್ಯಾಕ್ಟೀರಿಯಾ ಇವೆ.

ನವೆಂಬರ್‌ನಲ್ಲಿ ಕಸಿ ಕಟ್ಟಿದ ಜಾಗ ಮುಚ್ಚುವ ಹಾಗೆ ಬುಡಕ್ಕೆ ಮಣ್ಣು ಏರಿಸುತ್ತೇವೆ. ಮೇಲಿನ ಕಾಂಡ ಪೂರ್ತಿ ಸತ್ತರೂ ಮಣ್ಣಿನೊಳಗೆ ಕಸಿಯ ಮೇಲೆ ಒಂದೆರಡು ಕಣ್ಣು ಬದುಕಿರುತ್ತವೆ. ಅವುಗಳಿಂದ ಅದೇ ತಳಿಯ ಬಳ್ಳಿಯನ್ನು ಮತ್ತೆ ಎಬ್ಬಿಸಬಹುದು. ಒಂದು ಬಳ್ಳಿಗೆ ಎರಡು ಕಾಂಡ ಬಿಡುವುದೂ ಇದಕ್ಕೇ. ತೋಟದ ನಡುವೆ ಎತ್ತರದ ಕಂಬದ ಮೇಲೆ ದೊಡ್ಡ ಫ್ಯಾನುಗಳೂ ಇವೆ. ಗಾಳಿಯಿಲ್ಲದ ರಾತ್ರಿ ನೆಲದ ಹತ್ತಿರ ತಣ್ಣಗೆ, ಮೇಲೆ ಬೆಚ್ಚಗೆ ಇರುತ್ತದೆ. ಫ್ಯಾನು ಮೇಲಿನ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಒಂದೆರಡು ಡಿಗ್ರಿ ಸಿಕ್ಕರೂ ಬೆಳೆ ಉಳಿದೀತು. ಜೋರು ಗಾಳಿ ಬೀಸುವ ರಾತ್ರಿ ಅದರಿಂದ ಉಪಯೋಗವಿಲ್ಲ.

ಹೆಪ್ಪುಗಟ್ಟಿದ ದ್ರಾಕ್ಷಿಯಿಂದ ಮಾಡುವ ಐಸ್‌ವೈನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂಟಾರಿಯೊದಲ್ಲಿ ನಿಯಮ ಬಿಗಿ. ಹಣ್ಣು ಬಳ್ಳಿಯಲ್ಲೇ ಹೆಪ್ಪುಗಟ್ಟಬೇಕು, ಮೈನಸ್ 8 ಅಥವಾ ಅದಕ್ಕಿಂತ ತಣ್ಣಗಿದ್ದಾಗ ಕೊಯ್ದು ಹಿಂಡಬೇಕು, ರಸದ ಸಕ್ಕರೆ ಸರಾಸರಿ 35 ಬ್ರಿಕ್ಸ್ (ಸಕ್ಕರೆ ಅಳೆಯುವ ಮಾನ) ಇರಬೇಕು. ನೀರು ಮಂಜುಗಡ್ಡೆಯಾಗಿ ಪ್ರೆಸ್‌ನಲ್ಲೇ ಉಳಿಯುತ್ತದೆ, ಜೇನಿನಂಥ ರಸ ಮಾತ್ರ ಇಳಿಯುತ್ತದೆ. ಇದಕ್ಕೆ ಜಾಸ್ತಿ ಬಳಸುವುದು ವಿಡಾಲ್ ಅನ್ನುವ ಹೈಬ್ರಿಡ್, ಅದರ ಸಿಪ್ಪೆ ದಪ್ಪ. ಇಲ್ಲಿನ ವೈನ್ ಮನೆ ಇನಿಸ್ಕಿಲಿನ್‌ನವರ 1989ರ ವಿಡಾಲ್ ಐಸ್‌ವೈನ್‌ಗೆ 1991ರಲ್ಲಿ ಫ್ರಾನ್ಸ್‌ನ ವಿನೆಕ್ಸ್‌ಪೋ ಅನ್ನುವ ವೈನ್ ಮೇಳದಲ್ಲಿ ದೊಡ್ಡ ಪ್ರಶಸ್ತಿ ಬಂದ ಮೇಲೆ ನಯಾಗರಾದ ಹೆಸರು ಎಲ್ಲ ಕಡೆ ಹಬ್ಬಿತು.

ಅಮೆರಿಕದ ಮಿನಿಯಾಪೊಲಿಸ್, ಮ್ಯಾಡಿಸನ್ ಕಡೆಯ ಕನ್ನಡದವರು ಹಿತ್ತಲಲ್ಲಿ ದ್ರಾಕ್ಷಿ ಹಾಕಬೇಕು ಅಂತ ಆಗಾಗ ಕೇಳುತ್ತಾರೆ. ದಯವಿಟ್ಟು ಕ್ಯಾಬರ್ನೆ ಸೊವಿನ್ಯೊನ್ ತರಬೇಡಿ, ಅಲ್ಲಿಯ ಚಳಿಗೆ ಉಳಿಯುವುದಿಲ್ಲ. ಮಿನಿಸೋಟ ವಿಶ್ವವಿದ್ಯಾಲಯದವರು ಅಂಥ ಜಾಗಕ್ಕೆ ಅಂತಲೇ ತಳಿ ಮಾಡಿದ್ದಾರೆ. 1996ರಲ್ಲಿ ಫ್ರಾಂಟೆನ್ಯಾಕ್, 2006ರಲ್ಲಿ ಮಾರ್ಕೆಟ್ (Marquette), 2017ರಲ್ಲಿ ಇಟಾಸ್ಕ ಬಂದವು. ನದಿ ದಂಡೆಯಲ್ಲಿ ಬೆಳೆಯುವ 'ರಿಪೇರಿಯಾ' ಅನ್ನುವ ಕಾಡು ದ್ರಾಕ್ಷಿಯ ರಕ್ತ ಅವುಗಳಲ್ಲಿದೆ, ಮೈನಸ್ 30ನ್ನೂ ತಡೆಯುತ್ತವೆ. ಹುಳಿ ಜಾಸ್ತಿ ಇರುತ್ತದೆ, ಆದಷ್ಟು ದಿನ ಬಳ್ಳಿಯಲ್ಲೇ ಮಾಗಲು ಬಿಡಿ. ಬಿಸಿಲು ಬೀಳುವ ಇಳಿಜಾರು ನೋಡಿ ನೆಡಿ. ಮೊದಲ ಎರಡು ವರ್ಷ ಬಂದ ಗೊಂಚಲನ್ನೆಲ್ಲ ತೆಗೆದುಬಿಡಿ, ಬೇರು ಮತ್ತು ಕಾಂಡ ಗಟ್ಟಿಯಾಗಲಿ. ಚಾಟ್ನಿಯನ್ನು ಮಾರ್ಚ್‌ವರೆಗೆ ತಡೆಯಿರಿ, ಒಂದಷ್ಟು ಕಣ್ಣು ಸೀಳಿ ನೋಡಿಯೇ ಕತ್ತರಿ ಹಾಕಿ.