ಹುಗ್ಗಿಗೆ ಬೆಲ್ಲ ಹಾಕುವ ಹೊತ್ತು

ಶಿವರಾತ್ರಿಯ ಮರುದಿನ ಸಂಜೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ತೇರು. ಬೆಳಗ್ಗೆಯಿಂದಲೇ ಮಠದ ದಾರಿ ತುಂಬಿರುತ್ತದೆ, ಎಲ್ಲರ ಬಾಯಲ್ಲೂ ‘ಓಂ ನಮಃ ಶಿವಾಯ’. ಸಿದ್ಧಾರೂಢ ಅಜ್ಜಾರು ದೇಹ ಬಿಟ್ಟದ್ದು 1929ರಲ್ಲಿ. ಅವರನ್ನು ಕಣ್ಣಾರೆ ಕಂಡವರು ಇನ್ನೆಲ್ಲಿ? ಬರುವ ಜನ ಮಾತ್ರ ಕಡಿಮೆಯಾಗಿಲ್ಲ. ಆ ದಾರಿಯ ಪಕ್ಕದಲ್ಲಿ ನಮ್ಮ ಓಣಿಯವರದೊಂದು ಪೆಂಡಾಲು, ಗೋಧಿ ಹುಗ್ಗಿಯ ಸೇವೆ.

ಒಂದು ವರ್ಷ ಕೆಲಸಗಳನ್ನು ಚೀಟಿ ಎತ್ತಿ ಹಂಚಿದೆವು. ದೇವರ ಮುಂದೆ ಎಲ್ಲರೂ ಸರಿ, ಹೆಚ್ಚುಕಡಿಮೆ ಯಾಕೆ ಅಂತ. ಹೇಳಿಬಿಡುತ್ತೇನೆ, ಐಡಿಯಾ ನನ್ನದೇ. ಒಲೆಯ ಚೀಟಿ ಬಂದದ್ದು ಬ್ಯಾಂಕಿನ ಕೆಲಸದಲ್ಲಿರುವ ಅಣ್ಣಾವರಿಗೆ. ಗೋಧಿ ಹಣ್ಣಾಗುವ ಮೊದಲೇ ಬೆಲ್ಲ ಬಿತ್ತು. ಬೆಲ್ಲ ಬಿದ್ದ ಮೇಲೆ ಗೋಧಿ ಮೆತ್ತಗಾಗುವುದು ಕಷ್ಟ, ಉರಿ ಏರಿಸಿದರೆ ತಳ ಹತ್ತುತ್ತದೆ. ನಮ್ಮ ಕೊಪ್ಪರಿಗೆಯಲ್ಲಿ ಎರಡೂ ಆಯಿತು. ಕಮಟು ವಾಸನೆಯ ಹುಗ್ಗಿಯನ್ನೂ ಭಕ್ತರು ಕಣ್ಣಿಗೊತ್ತಿಕೊಂಡು ತಿಂದರು. ಅದನ್ನು ನೋಡಲಾಗಲಿಲ್ಲ.

ಮರುವರ್ಷ ಓಣಿಯ ಆಯಿ ಕಟ್ಟೆಗೆ ಬಂದು ಕೂತರು. “ಚೀಟಿ ಗೀಟಿ ಬ್ಯಾಡ. ಯಾರಿಗೆ ಏನ್ ಬರ್ತೈತಿ ನನಗ ಗೊತ್ತೈತಿ.” ಕಂಡಕ್ಟರ್ ಸರದಿ ನೋಡಿಕೊಳ್ಳಲು, ಅವನ “ಮುಂದ ಸರೀರಿ” ಎಂಬುದಕ್ಕೆ ಮೈಕು ಬೇಡ. ಕಿರಾಣಿ ಅಂಗಡಿಯ ಹುಡುಗ ಸಾಮಾನಿನ ಮೇಲೆ. ಹೊಲಿಗೆಯ ಅಕ್ಕಾವರಿಗೆ ಪೆಂಡಾಲಿನ ಬಟ್ಟೆ. ಅವರು ಒಪ್ಪಲಿಲ್ಲ.

“ವರ್ಷಪೂರ್ತಿ ಮಷಿನ್ ತುಳೀತೀನಿ ಆಯಿ. ಅಜ್ಜಾರ ತೇರಿನ ದಿನಾನೂ ಸೂಜಿ ಹಿಡೀಲೇನು?”

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮತ್ತ ಏನ್ ಮಾಡ್ತಿಯವ್ವಾ?”

“ಬಡಸ್ತೀನಿ.”

ಅಕ್ಕಾವರು ಬಡಿಸುವುದನ್ನು ಅವತ್ತು ನೋಡಿದೆ. ಮುಖ ನೋಡಿ ಸೌಟು ಎತ್ತುತ್ತಿದ್ದರು: ಮುದುಕರಿಗೆ ಅರ್ಧ, ದೂರದಿಂದ ನಡೆದು ಬಂದ ಹುಡುಗರಿಗೆ ಕೇಳದೆಯೇ ಎರಡು. ಎಲೆಯಲ್ಲಿ ಹುಗ್ಗಿ ಬಿಟ್ಟವರು ತೀರ ಕಡಿಮೆ. ನನಗೆ ಬಸವಣ್ಣನವರ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದಾಗ ಇಷ್ಟೇಕೆ ಎಂದು ತಿರುಗಿ ಕಳಿಸಿದವಳು ಲಕ್ಕಮ್ಮ. ಎಷ್ಟು ಸಾಕು ಎಂಬ ಅಳತೆ ಅವಳ ಕಣ್ಣಿನಲ್ಲಿತ್ತು. ಆ ಕೆಲಸವನ್ನು ಅವಳಿಗೆ ಯಾರು ಹಚ್ಚಿಕೊಟ್ಟಿದ್ದರು?

ನನ್ನ ಪಾಲಿಗೆ ಪ್ರತಿ ಸಲ ದೇಣಿಗೆಯ ಲೆಕ್ಕದ ಪುಸ್ತಕ. ಈ ಸಲ ಧೈರ್ಯ ಮಾಡಿ ಹುಟ್ಟು ಕೇಳಿದೆ, ಹುಗ್ಗಿ ತಿರುವುತ್ತೇನೆ ಅಂತ. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ತಿರುವು. ಬೆಲ್ಲ ಹಾಕೂ ಮುಂದ ಮಾತ್ರ ನನ್ನ ಕರಿ.”