ಮನೆಶಾಲೆಯ ಬಯಾಲಜಿ: ಯಾವ ಪುಸ್ತಕ, ಯಾವ ತಿಂಗಳು ಯಾವ ಪಾಠ

12 ಜುಲೈ 2025, ಶನಿವಾರ
ಪ್ಲೇನೋ, ಟೆಕ್ಸಸ್

ಮಗಳ ಹತ್ತನೇ ತರಗತಿಗೆ ಯಾವ ಬಯಾಲಜಿ ಪುಸ್ತಕ ಅನ್ನುವುದು ಕೊನೆಗೂ ಇವತ್ತು ತೀರ್ಮಾನವಾಯಿತು. ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ ಉಪಯೋಗಕ್ಕೆ ಬಂದೀತು ಅಂತ ವಿವರವಾಗಿ ಬರೆದಿಡುತ್ತಿದ್ದೇನೆ.

ಟೆಕ್ಸಸ್‌ನಲ್ಲಿ ಹೋಮ್‌ಸ್ಕೂಲ್‌ಗೆ ಕಟ್ಟುಪಾಡು ಕಡಿಮೆ. ಮನೆಶಾಲೆಯನ್ನೂ ಖಾಸಗಿ ಶಾಲೆ ಅಂತಲೇ ಲೆಕ್ಕ ಹಿಡಿಯಬೇಕು ಅನ್ನುವುದನ್ನು ಇಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ 1994ರಲ್ಲೇ ಎತ್ತಿಹಿಡಿದಿದೆ. ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ಪೌರತ್ವ ಇಷ್ಟನ್ನು ಕಲಿಸಿದರೆ ಸಾಕು. ವಿಜ್ಞಾನ ಆ ಪಟ್ಟಿಯಲ್ಲೇ ಇಲ್ಲ! ಆದರೆ ಕಾಲೇಜಿನವರು ವಿಜ್ಞಾನ ಕೇಳುತ್ತಾರೆ, ಅದೂ ಲ್ಯಾಬ್ ಸಮೇತ. ನಮ್ಮವಳಿಗೆ ದನ, ಕುದುರೆಗಳ ಡಾಕ್ಟರ್ ಆಗುವ ಆಸೆ. ಓದಿದರೆ ಟೆಕ್ಸಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯದಲ್ಲೇ ಅಂತ ಈಗಲೇ ಹೇಳುತ್ತಾಳೆ. ಹಾಗಾಗಿ ಬಯಾಲಜಿಯನ್ನು ಕಾಟಾಚಾರಕ್ಕೆ ಮುಗಿಸುವ ಹಾಗಿಲ್ಲ.

ನಮಗೆ ಗೊತ್ತಿರುವ ಹೆಚ್ಚಿನ ಮನೆಗಳಲ್ಲಿ ಅಪೋಲೋಜಿಯಾ ಅನ್ನುವ ಕ್ರೈಸ್ತ ಪ್ರಕಾಶಕರ ಪುಸ್ತಕವೇ. ನನಗೂ ಅದು ಇಷ್ಟವಾಯಿತು. ಒಬ್ಬಳೇ ಕೂತು ಓದುವ ಮಗುವನ್ನು ಎದುರಿಗೆ ಕೂರಿಸಿಕೊಂಡು ಹೇಳುವ ಧಾಟಿ ಅದರಲ್ಲಿದೆ. ಎರಡು ವಾರಕ್ಕೊಂದು ಮಾಡ್ಯೂಲ್ ಅಂತ ಹಿಡಿದರೆ ಒಂದು ಶಾಲಾವರ್ಷದಲ್ಲಿ ಮುಗಿಯುತ್ತದೆ. ಅಬೆಕಾ, ಬಾಬ್ ಜೋನ್ಸ್ ಅನ್ನುವ ಇನ್ನಿಬ್ಬರು ಕ್ರೈಸ್ತ ಪ್ರಕಾಶಕರ ಪುಸ್ತಕಗಳನ್ನೂ ನೋಡಿದೆ. ಯಾವ ಪುಸ್ತಕ ಸಿಕ್ಕರೂ ನಾನು ಮೊದಲು ತೆಗೆಯುವುದು ಎವಲ್ಯೂಷನ್ (ಜೀವವಿಕಾಸ) ಪಾಠ, ಆಮೇಲೆ ಲ್ಯಾಬ್ ಪಟ್ಟಿ. ಉಳಿದದ್ದು ಎಲ್ಲ ಕಡೆಯೂ ಹೆಚ್ಚೂಕಡಿಮೆ ಒಂದೇ.

ಈ ಮೂರೂ ಪ್ರಕಾಶಕರು ಸೃಷ್ಟಿವಾದದ ಕಡೆಯವರು, ಅಂದರೆ ಜೀವಿಗಳನ್ನು ದೇವರೇ ನೇರವಾಗಿ ಸೃಷ್ಟಿಸಿದ ಅನ್ನುವವರು. ಡಾರ್ವಿನ್ನನ ವಾದವನ್ನು ಅಲ್ಲಿಂದಲೇ ನೋಡುತ್ತಾರೆ. ನಾನೂ ನಂಬುವವಳೇ. ಭೂಮ್ಯಾಕಾಶಗಳನ್ನು ಮಾಡಿದವನು ದೇವರು ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ವಿಜ್ಞಾನಿಗಳು ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಅನ್ನುವುದನ್ನು ಮಗಳು ಮೊದಲು ಅವರ ಬಾಯಿಂದಲೇ ಕೇಳಬೇಕು. ಪಳೆಯುಳಿಕೆ, ಡಿಎನ್‌ಎ ಹೋಲಿಕೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಎಲ್ಲವನ್ನೂ. ಉತ್ತರ ಮೊದಲು ಕೊಟ್ಟು ಪ್ರಶ್ನೆಯನ್ನು ಆಮೇಲೆ ತೋರಿಸಿದರೆ ಅದು ಕಲಿಕೆ ಹೇಗಾಗುತ್ತೆ, ಅಲ್ವಾ?

ಕಾಲೇಜಿನ ಚಿಂತೆಯೂ ಇತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬಾಬ್ ಜೋನ್ಸ್, ಅಬೆಕಾ ಪುಸ್ತಕಗಳನ್ನೇ ಮುಖ್ಯ ಪಠ್ಯವಾಗಿಟ್ಟುಕೊಂಡ ಬಯಾಲಜಿ ಕೋರ್ಸುಗಳನ್ನು ಪ್ರವೇಶದ ಲೆಕ್ಕಕ್ಕೆ ಒಪ್ಪಿರಲಿಲ್ಲ. ಕ್ರೈಸ್ತ ಶಾಲೆಗಳ ಸಂಘ 2005ರಲ್ಲಿ ಕೋರ್ಟಿಗೆ ಹೋಯಿತು. 2008ರಲ್ಲಿ ಸೋತಿತು, 2010ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ನಾವಿರುವುದು ಟೆಕ್ಸಸ್‌ನಲ್ಲಿ, ಆ ನಿಯಮ ನಮಗೆ ತಟ್ಟುವುದಿಲ್ಲ. ಆದರೂ ಮಗಳು ಮುಂದೆ ಯಾವ ಊರಿನಲ್ಲಿ ಓದುತ್ತಾಳೋ ಯಾರಿಗೆ ಗೊತ್ತು.

ಹಾಗಾಗಿ ನಾವು ಆರಿಸಿಕೊಂಡದ್ದು ಕೆನೆತ್ ಮಿಲ್ಲರ್ ಮತ್ತು ಜೋಸೆಫ್ ಲೆವಿನ್ ಬರೆದ ಸಾಮಾನ್ಯ ಹೈಸ್ಕೂಲ್ ಪಠ್ಯ. ಮಿಲ್ಲರ್ ಬ್ರೌನ್ ವಿಶ್ವವಿದ್ಯಾಲಯದ ಜೀವಶಾಸ್ತ್ರಜ್ಞರು, ಭಕ್ತ ಕ್ಯಾಥೋಲಿಕರು, ಎವಲ್ಯೂಷನ್ ಪರವಾಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು. ನಂಬಿಕೆಯೂ ವಿಜ್ಞಾನವೂ ಒಬ್ಬರಲ್ಲೇ ಇರಬಹುದು ಅನ್ನುವುದು ಮಗಳಿಗೆ ಪುಸ್ತಕದ ಮೊದಲ ಪುಟದ ಹೆಸರಿನಿಂದಲೇ ಗೊತ್ತಾಗಲಿ.

"ಹಾಗಾದರೆ ಇದು ಕ್ರಿಶ್ಚಿಯನ್ ಕೋರ್ಸ್ ಹೇಗಾಯ್ತೇ?" ಅಂತ ಧಾರವಾಡದಿಂದ ಅವ್ವ ಫೋನಿನಲ್ಲಿ ಕೇಳಿದಳು. ಅದು ನಮ್ಮ ಕೆಲಸ, ಪುಸ್ತಕದ್ದಲ್ಲ ಅಂದೆ. ಪ್ರತಿ ಸೋಮವಾರ ಪಾಠಕ್ಕೆ ಮುಂಚೆ ಸತ್ಯವೇದದಿಂದ ಒಂದು ಭಾಗ ಓದುತ್ತೇವೆ. ಶುರುವಾಗುವುದು 104ನೇ ಕೀರ್ತನೆಯಿಂದ. ಕಾಡುಕತ್ತೆ, ಸಿಂಹ, ಸಮುದ್ರದ ಲೆಕ್ಕವಿಲ್ಲದ ಜೀವಿಗಳು ಎಲ್ಲ ಅದರಲ್ಲಿ ಬರುತ್ತವೆ. ಕನ್ನಡದಲ್ಲೇ ಓದಬೇಕು ಅಂತ ನನ್ನ ಹಟ.

ಮಧ್ಯಾಹ್ನ ನಮ್ಮ ಕೋ-ಆಪ್‌ನ (ಮನೆಶಾಲೆಯ ಕುಟುಂಬಗಳು ಸೇರಿ ಪಾಠ ನಡೆಸುವ ಗುಂಪು) ಗೆಳತಿಯೊಬ್ಬಳ ಹಳೆ ಮೈಕ್ರೋಸ್ಕೋಪ್ ತಂದು ನೋಡಿದೆವು. 40, 100, 400 ಪಟ್ಟು ದೊಡ್ಡದಾಗಿ ಕಾಣುತ್ತದೆ. ಹೈಸ್ಕೂಲಿಗೆ ಅಷ್ಟು ಸಾಕು. ಈರುಳ್ಳಿಯ ಒಳಪದರದಿಂದ ತೆಳು ಪೊರೆ ಕಿತ್ತು, ಸ್ಲೈಡಿನ ಮೇಲೆ ಹರಡಿ, ಅಯೋಡಿನ್ ಒಂದು ಹನಿ ಹಾಕಿದೆವು. ಮಗಳು ಕಣ್ಣಿಟ್ಟವಳೇ "ಅಮ್ಮಾ, ಸೆಲ್ ಸಿಕ್ತು!" ಅಂತ ಕೂಗಿದಳು. ನೋಡಿದರೆ ಕಪ್ಪು ಅಂಚಿನ ದುಂಡನೆಯ ಗಾಳಿಗುಳ್ಳೆ. ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್‌ಸ್ಲಿಪ್‌ನ, ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನಕ್ಕೆ ಇಳಿಸಿದ ಮೇಲೆ ಉದ್ದುದ್ದ ಕೋಶಗಳು ಸಾಲಾಗಿ ಕಂಡವು. ಒಂದೊಂದರೊಳಗೂ ಕಂದು ಚುಕ್ಕಿಯ ಹಾಗೆ ನ್ಯೂಕ್ಲಿಯಸ್. ಅವಳು ಆಮೇಲೆ ಅಲ್ಲಿಂದ ಏಳಲೇ ಇಲ್ಲ.

ಆಗಸ್ಟ್ 18ಕ್ಕೆ ಶುರು. ವಾರಕ್ಕೆ ಐದು ಗಂಟೆ, 36 ವಾರ. ಒಟ್ಟು 180 ಗಂಟೆ, ಹೈಸ್ಕೂಲಿನ ಒಂದು ಕ್ರೆಡಿಟ್‌ಗೆ (ಒಂದು ವಿಷಯವನ್ನು ವರ್ಷಪೂರ್ತಿ ಓದಿದ ಲೆಕ್ಕ) ಧಾರಾಳ. ಶುಕ್ರವಾರ ಪೂರ್ತಿ ಲ್ಯಾಬ್. ಪಾಠದ ಕ್ರಮ ಮಾತ್ರ ನಮ್ಮದೇ. ಪರಿಸರದ ಪಾಠವನ್ನು ಚಳಿಗಾಲಕ್ಕೆ ಬಿಟ್ಟರೆ ಹೊರಗೆ ನೋಡುವುದಕ್ಕೆ ಏನಿರುತ್ತದೆ? ಅಕ್ಟೋಬರಿನಲ್ಲಿ ಮೊನಾರ್ಕ್ ಚಿಟ್ಟೆಗಳು ಮೆಕ್ಸಿಕೋಗೆ ಹೋಗುತ್ತಾ ಟೆಕ್ಸಸ್ ಮೇಲೇ ಹಾಯುತ್ತವೆ, ಆಗಲೇ ಅದನ್ನು ಓದಿಸಬೇಕು. ನವೆಂಬರ್, ಡಿಸೆಂಬರ್ ಜೀವಕೋಶಕ್ಕೆ.

ಜನವರಿಯಲ್ಲಿ ಜೆನೆಟಿಕ್ಸ್, ಅಂದರೆ ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಅನ್ನುವ ಪಾಠ. ಅದನ್ನು ನಮ್ಮ ಯಜಮಾನರು ಕಲಿಸುತ್ತಾರೆ, ಲೆಕ್ಕದ ಹುಚ್ಚಿರುವವರು ಅವರೇ. ಬಟಾಣಿ ಗಿಡ ಬೆಳೆಸಿ ಇದನ್ನು ಎಣಿಸಿ ನೋಡಿದ ಬ್ರನೋ ಊರಿನ ಮಠದ ಮೆಂಡೆಲ್ 1866ರಲ್ಲಿ ಅಚ್ಚು ಹಾಕಿಸಿದ ಲೆಕ್ಕದಿಂದಲೇ ಶುರು ಮಾಡುತ್ತಾರಂತೆ: ದುಂಡು ಬಟಾಣಿ 5,474, ಸುಕ್ಕು ಬಟಾಣಿ 1,850. ಒಂದು ಸುಕ್ಕಿಗೆ ಮೂರು ದುಂಡು ಅನ್ನುವುದು ಮೆಂಡೆಲ್‌ನ ನಿಯಮ. ಮಗಳು ಈಗಲೇ ಭಾಗಿಸಿ ನೋಡಿದಳು, 2.96 ಬಂತು. "ಮೂರು ಯಾಕೆ ಬರಲಿಲ್ಲ?" ಅಂತ ರಾತ್ರಿ ಊಟದವರೆಗೂ ಅಪ್ಪನನ್ನು ಬಿಡಲಿಲ್ಲ.

ಎವಲ್ಯೂಷನ್‌ಗೆ ಫೆಬ್ರವರಿ ಪೂರ್ತಿ ಇಟ್ಟಿದ್ದೇವೆ. ಮೂರು ವಾರ ಪುಸ್ತಕ ಹೇಳಿದ್ದನ್ನು ಹೇಳಿದ ಹಾಗೇ ಕಲಿಯುವುದು. ನಾಲ್ಕನೇ ವಾರ ಆದಿಕಾಂಡದ ಮೊದಲ ಅಧ್ಯಾಯಗಳನ್ನು ಎದುರಿಗಿಟ್ಟುಕೊಂಡು ಮಾತು. ಕ್ರೈಸ್ತರಲ್ಲೇ ಆರು ದಿನ ಅಂದರೆ ಆರೇ ದಿನ ಅನ್ನುವವರಿದ್ದಾರೆ, ದೇವರು ವಿಕಾಸದ ದಾರಿಯಲ್ಲೇ ಸೃಷ್ಟಿಸಿದ ಅನ್ನುವವರೂ ಇದ್ದಾರೆ. ಇಬ್ಬರ ಮಾತನ್ನೂ ಅವಳು ಓದಲಿ. ನಮ್ಮ ಸಭಾಪಾಲಕರನ್ನು ಆ ವಾರ ಊಟಕ್ಕೆ ಕರೆಯುತ್ತೇವೆ. ಮಗಳು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಅವರನ್ನೇ ಕೇಳಬೇಕು.

ಮಾರ್ಚ್‌ನಿಂದ ಸಸ್ಯ, ಪ್ರಾಣಿ, ಮನುಷ್ಯನ ದೇಹ. ಎರೆಹುಳು, ಕ್ರೇಫಿಶ್ (ಸಿಗಡಿಯಂಥ ಸಿಹಿನೀರಿನ ಜೀವಿ), ಪರ್ಚ್ ಮೀನು, ಕಪ್ಪೆಯ ಡಿಸೆಕ್ಷನ್ (ಕೊಯ್ದು ಒಳಗೆ ನೋಡುವುದು) ಕೋ-ಆಪ್‌ನಲ್ಲೇ ಆಗುತ್ತದೆ. ಇಬ್ಬರಿಗೊಂದು ಕಪ್ಪೆ ಅಂದಿದ್ದಾರೆ, ಮಗಳು ತನಗೇ ಒಂದು ಬೇಕು ಅಂತಾಳೆ. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ಸೋಮವಾರ ಅವರಿಗೆ ಹೇಳಿಬಿಡಬೇಕು.